ರಸ್ತೆಯ ಹಕ್ಕು ಮತ್ತು ನಮ್ಮ ವಾಹನಗಳು

(ಬೆಂಗಳೂರಿನಲ್ಲಿ ಮಸೀದಿ ಸಮಿತಿಗಳ ಪದಾಧಿಕಾರಿಗಳು ಹಾಗೂ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾಹನ ನಿಲುಗಡೆಯ ಬಗ್ಗೆ ಮಾತನಾಡಲು ಸಮುದಾಯದ ವೇದಿಕೆಯೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಅದು ಸಂಚಾರಿ ಪೊಲೀಸರ ಮತ್ತು ಪಾಲಿಕೆಯ ಇಂಜಿನಿಯರುಗಳ ವಿಷಯವಲ್ಲವೇ? ಈ ಪ್ರಶ್ನೆಗೆ ಉತ್ತರ ಒಂಬೈನೂರು ವರ್ಷಗಳಷ್ಟು ಹಳೆಯದು. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಕರ್ತವ್ಯದ ಬಗ್ಗೆ ಬರೆಯುವಾಗ ಬೀದಿಗಳಲ್ಲಿ ನಡೆಯುವ ಕೆಡುಕುಗಳಿಗೆಂದೇ ಪ್ರತ್ಯೇಕ ಭಾಗವೊಂದನ್ನು ಮೀಸಲಿಟ್ಟಿದ್ದಾರೆ. ಅಂಗಡಿಯ ಮುಂದೆ ಜಗಲಿ ಚಾಚುವುದು, ಹಣ್ಣಿನ ಸಿಪ್ಪೆ ಎಸೆಯುವುದು, ದಾರಿಹೋಕರ ಬಟ್ಟೆ ಹರಿಯುವಂತೆ ಮುಳ್ಳಿನ ಹೊರೆ ಸಾಗಿಸುವುದು ಇವೆಲ್ಲ ಅಲ್ಲಿವೆ. ಅವುಗಳ ನಡುವೆಯೇ ಬೀದಿಯಲ್ಲಿ ಸವಾರಿಯ ಪ್ರಾಣಿಯನ್ನು ಕಟ್ಟಿಹಾಕಿ ದಾರಿಯನ್ನು ಇಕ್ಕಟ್ಟುಗೊಳಿಸುವುದೂ ಇದೆ. ಇಳಿಯಲು ಮತ್ತು ಏರಲು ಎಷ್ಟು ಹೊತ್ತು ಬೇಕೋ ಅಷ್ಟಕ್ಕೆ ಮಾತ್ರ ಅವರು ಅನುಮತಿ ಕೊಡುತ್ತಾರೆ. ಅವರು ನೀಡುವ ಕಾರಣವೂ ಸ್ಪಷ್ಟವಾಗಿದೆ. ಬೀದಿಯ ಪ್ರಯೋಜನ ಎಲ್ಲರಿಗೂ ಸೇರಿದ್ದು. ಅಗತ್ಯಕ್ಕಿಂತ ಹೆಚ್ಚಾಗಿ ಅದನ್ನು ತನ್ನದಾಗಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಮದ್ರಸಾಗಳಲ್ಲಿ ಈ ಭಾಗವನ್ನು ಓದುವಾಗ ಕುದುರೆ, ಕತ್ತೆಗಳ ಕಾಲದ ಮಾತೆಂದು ಮುಂದಕ್ಕೆ ಸಾಗುವುದೇ ರೂಢಿ. ಕತ್ತೆಯ ಜಾಗದಲ್ಲಿ ಕಾರನ್ನಿಟ್ಟು ಓದಿದರೆ ಶಿವಾಜಿನಗರದ ಯಾವುದೇ ಗಲ್ಲಿಯ ವರ್ಣನೆ ಅದರಲ್ಲಿದೆ.

ಗಝಾಲಿಯವರು ಇದನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ದಾರಿಯಲ್ಲಿ ಕುಳಿತುಕೊಳ್ಳುವುದು ಅನಿವಾರ್ಯವಾದರೆ ದಾರಿಗೆ ಅದರ ಹಕ್ಕನ್ನು ಕೊಡಿರಿ ಎಂದು ಪ್ರವಾದಿವರ್ಯರು(ಸ) ಅನುಯಾಯಿಗಳಿಗೆ ಉಪದೇಶಿಸಿದ್ದು ನಮಗೆಲ್ಲ ತಿಳಿದಿದೆ. ದಾರಿಯ ಅಗಲದ ಬಗ್ಗೆ ವಿವಾದ ಬಂದರೆ ಏಳು ಮೊಳ ಬಿಡಬೇಕೆಂದು ಅವರು ತೀರ್ಪಿತ್ತ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಷ್ಟಾಗಿ ಉಲ್ಲೇಖಗೊಳ್ಳದ ಇನ್ನೊಂದು ವರದಿ ಅಬೂದಾವೂದ್‌ನಲ್ಲಿದೆ. ಒಂದು ಯುದ್ಧಯಾತ್ರೆಯಲ್ಲಿ ಜನರು ಬೀಡುಬಿಟ್ಟ ಜಾಗವನ್ನು ಇಕ್ಕಟ್ಟು ಮಾಡಿ ದಾರಿಯನ್ನು ಅಡ್ಡಗಟ್ಟಿದಾಗ, ಹಾಗೆ ಮಾಡಿದವನಿಗೆ ಜಿಹಾದ್‌ನ ಫಲವಿಲ್ಲವೆಂದು ಸಾರಲು ಪ್ರವಾದಿವರ್ಯರು(ಸ) ಒಬ್ಬರನ್ನು ಕಳುಹಿಸಿದರು. ಪ್ರಾಣವನ್ನೇ ಪಣಕ್ಕಿಟ್ಟು ಹೊರಟವನ ಪುಣ್ಯವೂ ದಾರಿ ಕಟ್ಟಿದರೆ ಉಳಿಯದು ಎಂದಾದ ಮೇಲೆ, ಶುಕ್ರವಾರ ಮಧ್ಯಾಹ್ನ ಇನ್ನೊಬ್ಬರ ಮನೆಯ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿ ಮೊದಲ ಸಫ್‌ಗೆ ಓಡುವವನ ಸ್ಥಿತಿಯೇನು? ಇದನ್ನು ಫತ್ವಾ ಎಂದು ಹೇಳುತ್ತಿಲ್ಲ. ವೇದಿಕೆಯ ಮೇಲಿರುವ ಉಲಮಾಗಳು ಇದೇ ಪ್ರಶ್ನೆಯನ್ನು ಒಂದು ಖುತ್ಬಾದಲ್ಲಿ ಎತ್ತಿಕೊಳ್ಳಲಿ ಎಂಬುದಷ್ಟೇ ನಮ್ಮ ವಿನಂತಿ.

ನಮ್ಮ ರಸ್ತೆಗಳು ಬರೀ ರಸ್ತೆಗಳಾಗಿ ಉಳಿದಿಲ್ಲ ಎಂಬುದೂ ನಿಜ. 2024ರ ಮೇ ತಿಂಗಳಲ್ಲಿ ಮಂಗಳೂರಿನ ಕಂಕನಾಡಿಯ ಮಸೀದಿಯೊಂದರ ಮುಂದೆ ಕೆಲವರು ರಸ್ತೆಯಲ್ಲಿ ನಮಾಝ್ ಮಾಡಿದ ವೀಡಿಯೊ ಹರಿದಾಡಿತು. ಪೊಲೀಸರು ಸ್ವಯಂಪ್ರೇರಿತರಾಗಿ ಮೊಕದ್ದಮೆ ದಾಖಲಿಸಿದರು. ಬಳಿಕ ಅದನ್ನು ಕೈಬಿಟ್ಟರು. ಕೆಲವು ನಿಮಿಷಗಳ ಆ ನಮಾಝ್ ದಿನಗಟ್ಟಲೆ ರಾಜಕೀಯವಾಯಿತು. ಅದೇ ಊರಿನಲ್ಲಿ, ಅದೇ ರೀತಿಯ ರಸ್ತೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸಾಲುಗಟ್ಟಿ ನಿಂತಿರುವ ಕಾರುಗಳ ಬಗ್ಗೆ ಯಾರೂ ಸ್ವಯಂಪ್ರೇರಿತರಾಗುವುದಿಲ್ಲ. ಈ ಇಬ್ಬಗೆಯನ್ನು ಹೇಳಲೇಬೇಕು. ಆದರೆ 'ಅವರೂ ಕಟ್ಟುತ್ತಾರೆ, ನಾವೂ ಕಟ್ಟುತ್ತೇವೆ' ಎಂಬುದು ಉತ್ತರವಾಗದು. ದಾರಿಯ ಹಕ್ಕು ನೆರೆಯವನ ಧರ್ಮವನ್ನು ನೋಡಿ ಹುಟ್ಟುವಂಥದ್ದಲ್ಲ.

ಇನ್ನು ನಗರದ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ವಾಹನ ಎಂದರೆ ಓಡುವ ವಸ್ತು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಒಂದು ಖಾಸಗಿ ಕಾರು ತನ್ನ ಆಯುಷ್ಯದ ನೂರರಲ್ಲಿ ಸುಮಾರು ತೊಂಬತ್ತೈದು ಪಾಲನ್ನು ನಿಂತೇ ಕಳೆಯುತ್ತದೆ. ಅದಕ್ಕೆ ಮನೆಯ ಬಳಿ ಒಂದು, ಕೆಲಸದ ಬಳಿ ಒಂದು, ಪೇಟೆಯ ಬಳಿ ಒಂದು ಜಾಗ ಬೇಕು. ನಿಂತ ಕಾರು ಆಕ್ರಮಿಸುವ ನೆಲ ಸುಮಾರು ಹನ್ನೆರಡೂವರೆ ಚದರ ಮೀಟರ್, ಅಂದರೆ 135 ಚದರಡಿ. ತಿರುಗಿಸುವ, ಒಳಬರುವ ದಾರಿಯನ್ನೂ ಸೇರಿಸಿದರೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್ ಎಂಬುದು ನಮ್ಮ ದೇಶದ ನಗರ ಯೋಜಕರು ಬಳಸುವ ಅಳತೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಅತಿ ಬಡ ಕುಟುಂಬಕ್ಕೆ ನಿಗದಿಯಾಗಿದ್ದ ಮನೆಯ ಒಳವಿಸ್ತೀರ್ಣ 30 ಚದರ ಮೀಟರ್ ಆಗಿತ್ತು. ಐದಾರು ಜನರ ಸಂಸಾರಕ್ಕೆ ಸರಕಾರ ಲೆಕ್ಕಹಾಕಿದ ಮನೆಗಿಂತ ಒಂದು ಕಾರಿಗೆ ನೆಲಮಾಳಿಗೆಯಲ್ಲಿ ಲೆಕ್ಕಹಾಕಿದ ಜಾಗ ದೊಡ್ಡದು! ಈ ಒಂದು ಹೋಲಿಕೆಯಲ್ಲಿ ನಮ್ಮ ನಗರಗಳ ನ್ಯಾಯ ಎಷ್ಟಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ಕುಳಿತಿರುವ ವ್ಯಾಪಾರಿಗಳನ್ನು ಒಂದು ಪ್ರಶ್ನೆ ಕೇಳುತ್ತೇವೆ. ನಿಮ್ಮ ಬೀದಿಯಲ್ಲಿ 135 ಚದರಡಿಯ ಮಳಿಗೆಗೆ ತಿಂಗಳ ಬಾಡಿಗೆ ಎಷ್ಟು? ಮುಂಗಡ ಎಷ್ಟು? ಅದೇ ಮಳಿಗೆಯ ಬಾಗಿಲಿನಿಂದ ಹತ್ತಡಿ ದೂರದಲ್ಲಿ ಅಷ್ಟೇ ನೆಲವನ್ನು ಒಂದು ಕಾರು ಬಿಡಿಗಾಸೂ ಕೊಡದೆ ಇಡೀ ದಿನ ಹಿಡಿದಿಟ್ಟಿರುತ್ತದೆ. ಆ ಕಾರು ಯಾರದು? ಹೆಚ್ಚಿನ ಸಂದರ್ಭಗಳಲ್ಲಿ ಗಿರಾಕಿಯದ್ದಲ್ಲ. ಅದು ಅಂಗಡಿಯ ಮಾಲೀಕರದ್ದು, ಇಲ್ಲವೇ ಪಕ್ಕದ ಕಚೇರಿಯವರದ್ದು. ಬೆಳಿಗ್ಗೆ ಮೊದಲು ಬರುವವರು ಅವರೇ. ಹಾಗಾಗಿ ಉತ್ತಮ ಜಾಗವೂ ಅವರಿಗೇ. ಹನ್ನೊಂದು ಗಂಟೆಗೆ ಬರುವ ಗಿರಾಕಿ ಮೂರು ಸುತ್ತು ಹಾಕಿ, ಹಾರ್ನ್ ಬಾರಿಸಿ, ಕೊನೆಗೆ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ ಅಥವಾ ಮಾಲ್‌ಗೆ ಹೋಗುತ್ತಾನೆ. ಬಳಿಕ 'ಪಾರ್ಕಿಂಗ್ ಇಲ್ಲದೆ ವ್ಯಾಪಾರ ಕೆಟ್ಟಿತು' ಎಂದು ಪಾಲಿಕೆಗೆ ಮನವಿ ಕೊಡುವವರೂ ಅದೇ ಮಾಲೀಕರು.

ಈ ಗಂಟನ್ನು ಬಿಡಿಸುವ ದಾರಿಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ತಮ್ಮ ಜೀವಮಾನವಿಡೀ ಹೇಳುತ್ತಾ ಬಂದರು. 2005ರಲ್ಲಿ ಉಚಿತ ಪಾರ್ಕಿಂಗ್‌ನ ನಿಜವಾದ ಬೆಲೆಯ ಕುರಿತು ದೊಡ್ಡ ಗ್ರಂಥವನ್ನು ಹೊರತಂದ ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ರಸ್ತೆ ಬದಿಯ ಜಾಗಕ್ಕೆ ಗಂಟೆಯ ಲೆಕ್ಕದಲ್ಲಿ ಶುಲ್ಕವಿರಲಿ, ಆ ಶುಲ್ಕವು ಪ್ರತಿ ಏಳೆಂಟು ಜಾಗಗಳಲ್ಲಿ ಒಂದಾದರೂ ಸದಾ ಖಾಲಿ ಉಳಿಯುವಷ್ಟಿರಲಿ ಎಂಬುದು ಅವರ ವಾದದ ತಿರುಳು. ಶುಲ್ಕ ಬಂದಾಗ ಇಡೀ ದಿನ ನಿಲ್ಲಿಸುವವನು ದೂರದ ಅಗ್ಗದ ಜಾಗವನ್ನು ಹುಡುಕಿಕೊಳ್ಳುತ್ತಾನೆ. ಅರ್ಧ ಗಂಟೆಗೆ ಬರುವ ಗಿರಾಕಿಗೆ, ಔಷಧಿಗೆ ಬರುವ ರೋಗಿಗೆ ಅಂಗಡಿಯ ಮುಂದೆಯೇ ಜಾಗ ಸಿಗುತ್ತದೆ. ಒಂದು ಕಾರು ಎಂಟು ಗಂಟೆ ಹಿಡಿದಿದ್ದ ಜಾಗವನ್ನು ಈಗ ಹದಿನಾರು ಗಿರಾಕಿಗಳು ಸರದಿಯಲ್ಲಿ ಬಳಸಬಲ್ಲರು. ಇಳಿಯಲು ಮತ್ತು ಏರಲು ಬೇಕಾದಷ್ಟೇ ಹೊತ್ತು ಎಂಬ ಗಝಾಲಿಯವರ ಮಾತಿಗೆ ಈ ಲೆಕ್ಕ ಎಷ್ಟು ಹತ್ತಿರವಿದೆ ನೋಡಿ.

ಕ್ಯಾಲಿಫೋರ್ನಿಯಾದ ಓಲ್ಡ್ ಪಾಸಡೀನಾ ಎಂಬ ಹಳೆಯ ಪೇಟೆಯಲ್ಲಿ 1993ರಲ್ಲಿ ಮೀಟರ್‌ಗಳನ್ನು ಹಾಕಲು ಹೊರಟಾಗ ವ್ಯಾಪಾರಿಗಳು ವಿರೋಧಿಸಿದ್ದರು. ಸಂಗ್ರಹವಾದ ಹಣವನ್ನು ಅದೇ ಬೀದಿಯ ಫುಟ್‌ಪಾತ್, ದೀಪ, ಸ್ವಚ್ಛತೆಗೆ ಬಳಸುವುದಾಗಿ ನಗರಾಡಳಿತ ಒಪ್ಪಿದ ಬಳಿಕ ಅವರೇ ಬೆಂಬಲಿಸಿದರು, ಪೇಟೆಯೂ ಚೇತರಿಸಿಕೊಂಡಿತು. ನಮ್ಮಲ್ಲಿ ಪಾರ್ಕಿಂಗ್ ಶುಲ್ಕ ಎಂದರೆ ಕೈಯಲ್ಲಿ ರಸೀದಿ ಪುಸ್ತಕವೂ ಇಲ್ಲದ, ಯಾರೋ ಗುತ್ತಿಗೆದಾರನ ಕಡೆಯವರು ಮಾರುಕಟ್ಟೆಯ ಬಳಿ ನಿಂತು ಕೇಳುವ ಹಣ ಎಂದು ಜನ ತಿಳಿದಿದ್ದರೆ ಅದು ಜನರ ತಪ್ಪಲ್ಲ. ಹಣ ಎಲ್ಲಿಗೆ ಹೋಗುತ್ತದೆಂದು ಕಾಣದ ಶುಲ್ಕವನ್ನು ಜನ ದಂಡವೆಂದೇ ಪರಿಗಣಿಸುತ್ತಾರೆ.

ಬಡವರ ಮೇಲೆ ಇದು ಹೊರೆಯಲ್ಲವೇ ಎಂಬ ಆಕ್ಷೇಪ ಪ್ರಾಮಾಣಿಕವಾದುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಾರು ಅಥವಾ ಜೀಪು ಇದ್ದ ಕುಟುಂಬಗಳು ನೂರಕ್ಕೆ ಐದೂ ಇರಲಿಲ್ಲ, 4.7 ಮಾತ್ರ. ಆ ಬಳಿಕ ಈ ಪ್ರಮಾಣ ಏರಿದೆ, ಬೆಂಗಳೂರಿನಲ್ಲಿ ಅದು ಮೊದಲಿನಿಂದಲೂ ಹೆಚ್ಚು. ಆದರೂ ಬಡವನ ವಾಹನ ಬಸ್ಸು ಮತ್ತು ಕಾಲು. 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂತು. ಆ ಬಸ್ಸು ನಿಲ್ಲಬೇಕಾದ ಜಾಗದಲ್ಲಿ ಕಾರು ನಿಂತಿದ್ದರೆ, ಮಗುವನ್ನೆತ್ತಿಕೊಂಡ ತಾಯಿ ನಡುರಸ್ತೆಗೆ ಹೋಗಿ ಬಸ್ಸು ಹತ್ತಬೇಕು. ಉಚಿತ ಪಾರ್ಕಿಂಗ್‌ನ ಬೆಲೆಯನ್ನು ತೆರುವವಳು ಆಕೆಯೇ. ಸ್ಕೂಟರಿನಲ್ಲಿ ಸಾಮಾನು ಮುಟ್ಟಿಸುವ ಹುಡುಗ, ಮೆಕ್ಯಾನಿಕ್, ಇಂಥವರಿಗೆ ಸ್ವಲ್ಪ ಹೊತ್ತಿನ ವಿನಾಯಿತಿ ಕೊಡುವುದು ಕಷ್ಟವೇನಲ್ಲ.

ಈ ಸಂದರ್ಭದಲ್ಲಿ ತಳ್ಳುಗಾಡಿಯವರನ್ನು ಮರೆಯುವಂತಿಲ್ಲ. ವಾಸ್ತವದಲ್ಲಿ ನಮ್ಮ ಮಾತಿನ ಮುಖ್ಯ ಭಾಗವೇ ಇದು. ಮುಸ್ಲಿಮ್ ಪುರುಷ ದುಡಿಮೆಗಾರರಲ್ಲಿ ನೂರಕ್ಕೆ ಹನ್ನೆರಡಕ್ಕೂ ಹೆಚ್ಚು ಮಂದಿ ಬೀದಿ ವ್ಯಾಪಾರದಲ್ಲಿದ್ದಾರೆ, ರಾಷ್ಟ್ರೀಯ ಸರಾಸರಿ ಎಂಟಕ್ಕಿಂತಲೂ ಕಡಿಮೆ ಎಂದು 2006ರ ಸಾಚಾರ್ ಸಮಿತಿಯ ವರದಿ ತಿಳಿಸಿತ್ತು. ರಸೆಲ್ ಮಾರ್ಕೆಟ್ ಸುತ್ತಲೂ, ಕೆ.ಆರ್. ಮಾರ್ಕೆಟ್ ಬಳಿಯೂ ಹಣ್ಣು, ಬಟ್ಟೆ, ಪಾತ್ರೆ ಮಾರುವವರು ಯಾರೆಂದು ನಮಗೆ ಗೊತ್ತು. ರಸ್ತೆ ಕಿರಿದಾಯಿತೆಂದಾಗ ಪಾಲಿಕೆಯ ಲಾರಿ ಮೊದಲು ಬರುವುದು ಅವರ ಗಾಡಿ ಎತ್ತಲು. ಗಾಡಿ ಎತ್ತಿದ ಮರುದಿನ ಅಲ್ಲಿ ಎರಡು ಕಾರುಗಳು ನಿಲ್ಲುತ್ತವೆ. ಒಂದು ಗಾಡಿಯಿಂದ ಒಂದು ಕುಟುಂಬ ಉಣ್ಣುತ್ತದೆ, ನಿಂತ ಕಾರಿನಿಂದ ಯಾರೂ ಉಣ್ಣುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಸಮೀಕ್ಷೆ ಮುಗಿಯುವ ತನಕ ಅವರನ್ನು ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲ್ವತ್ತು ಸ್ಥಾನಗಳು ಅವರದ್ದೇ. ಆದರೂ ನಮ್ಮ ಸಮುದಾಯದ ಅಂಗಡಿ ಮಾಲೀಕರ ಸಂಘಗಳು 'ಗಾಡಿಗಳನ್ನು ತೆಗೆಸಿ ಪಾರ್ಕಿಂಗ್ ಕೊಡಿ' ಎಂದು ಅಧಿಕಾರಿಗಳ ಬಳಿ ಹೋಗುವುದುಂಟು. ಕೇಳುವವರೂ ನಮ್ಮವರು, ಬೀದಿಗೆ ಬೀಳುವವರೂ ನಮ್ಮವರು. ಝಕಾತ್ ಹಂಚುವಾಗ ಅದೇ ಗಾಡಿಯವನನ್ನು ಪಟ್ಟಿಗೆ ಸೇರಿಸುವುದಕ್ಕಿಂತ ಅವನ ಗಾಡಿಯನ್ನು ನಿಲ್ಲಗೊಡುವುದು ಮೇಲಲ್ಲವೇ?

ಹಾಗಾದರೆ ಬಹುಮಹಡಿ ಪಾರ್ಕಿಂಗ್ ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ರಾಜಕಾರಣಿಗಳಿಗೂ ಇದೇ ಪ್ರಿಯ. ಶಿಲಾನ್ಯಾಸವೂ ಉಂಟು, ಗುತ್ತಿಗೆಯೂ ಉಂಟು. ಇದೇ ನಗರದ ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರುಗಳಿಗೆ ಕಟ್ಟಿದ ಕಟ್ಟಡ ಸಿದ್ಧವಾದ ಮೇಲೂ ಬಹುಕಾಲ ಮುಚ್ಚಿಯೇ ಇದ್ದು 2024ರ ಜೂನ್‌ನಲ್ಲಿ ತೆರೆಯಿತು. ತೆರೆದ ಆರಂಭದ ತಿಂಗಳುಗಳಲ್ಲಿ ಅದರ ಹೆಚ್ಚಿನ ಭಾಗ ಖಾಲಿಯೇ ಇತ್ತು. ಹೊರಗೆ ರಸ್ತೆಯಲ್ಲಿ ಬಿಟ್ಟಿಯಾಗಿ ನಿಲ್ಲಿಸಲು ಬಿಟ್ಟು ಒಳಗೆ ದುಡ್ಡು ಕೇಳಿದರೆ ಯಾರು ಹೋಗುತ್ತಾರೆ? ಮಂಗಳೂರಿನ ಹಂಪನಕಟ್ಟೆಯ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ಕೈಗೊಂಡ ಇಂಥದೇ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದನ್ನು ಆ ಊರಿನವರು ಬಲ್ಲರು.

ಪ್ರತಿ ಕಟ್ಟಡವೂ ಇಂತಿಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂಬ ಕಟ್ಟಡ ನಿಯಮಗಳದ್ದು ಬೇರೆಯೇ ಕಥೆ. ನಕ್ಷೆಯಲ್ಲಿ ನೆಲಮಾಳಿಗೆ ಪಾರ್ಕಿಂಗ್ ಆಗಿರುತ್ತದೆ, ಕಟ್ಟಡ ಎದ್ದ ಮೇಲೆ ಅಲ್ಲಿ ಗೋದಾಮು, ಝೆರಾಕ್ಸ್ ಅಂಗಡಿ, ಕೆಲವೊಮ್ಮೆ ಟ್ಯೂಷನ್ ಕ್ಲಾಸ್. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಲು ಹೊರಟ ಚಿಕ್ಕ ಕುಟುಂಬಕ್ಕೆ ಈ ನಿಯಮ ಪಾಲಿಸುವುದು ಸಾಧ್ಯವೇ ಇಲ್ಲ. ಅವರು ಲಂಚಕ್ಕೆ ದಾರಿ ಮಾಡಿಕೊಡುತ್ತಾರೆ. ದೊಡ್ಡ ಮಾಲ್‌ನವರು ಮೂರಂತಸ್ತಿನ ಪಾರ್ಕಿಂಗ್ ಕಟ್ಟಿ ಇನ್ನಷ್ಟು ಕಾರುಗಳನ್ನು ಅದೇ ರಸ್ತೆಗೆ ಕರೆತರುತ್ತಾರೆ. ಮೆಕ್ಸಿಕೊ ನಗರವು 2017ರಲ್ಲಿ ಈ ಕಡ್ಡಾಯವನ್ನೇ ಕೈಬಿಟ್ಟು, ಗರಿಷ್ಠ ಎಷ್ಟು ಕಟ್ಟಬಹುದೆಂಬ ಮಿತಿಯನ್ನು ಹಾಕಿತು. ಜಪಾನಿನಲ್ಲಿ 1962ರಿಂದ ಇರುವ ಕಾನೂನು ಇನ್ನೂ ನೇರವಾದುದು. ಕಾರು ಕೊಳ್ಳುವವನು ಸಾಮಾನ್ಯವಾಗಿ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ತನಗೆ ನಿಲುಗಡೆಯ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಜಾಗ ಕಟ್ಟಡದ ಹೊಣೆಯಲ್ಲ, ಕಾರಿನ ಮಾಲೀಕನ ಹೊಣೆ.

ಈಗ ನಮ್ಮ ಮನೆಯೊಳಗಿನ ಮಾತು. ಶಾದಿ ಮಹಲ್‌ಗಳನ್ನು ನೋಡಿ. ಸಾವಿರ ಜನ ಉಣ್ಣುವ ಸಭಾಂಗಣ, ಇಪ್ಪತ್ತು ಕಾರಿಗೆ ಜಾಗ. ಭಾನುವಾರ ವಲೀಮಾ ಇದ್ದರೆ ಎರಡು ಫರ್ಲಾಂಗ್ ರಸ್ತೆ ಬಂದ್. ಆ ರಸ್ತೆಯಲ್ಲಿ ಆ್ಯಂಬುಲೆನ್ಸ್ ಬಂದರೆ? ಒಂದು ಜನಾಝಾ ಹೊರಟರೆ? ಮದುವೆಯ ದುಂದುವೆಚ್ಚದ ಬಗ್ಗೆ ನಾವು ಮೆಹರ್, ವರದಕ್ಷಿಣೆ, ಬಿರಿಯಾನಿಯ ಲೆಕ್ಕದಲ್ಲಿ ಮಾತನಾಡುತ್ತೇವೆ. ಬೀದಿಯ ಲೆಕ್ಕವನ್ನೂ ಸೇರಿಸಬೇಕು. ಮಹಲ್‌ನವರು ಬುಕಿಂಗ್ ಮಾಡುವಾಗಲೇ ವಾಹನ ನಿಲ್ಲಿಸುವ ಏರ್ಪಾಡನ್ನು, ಪಕ್ಕದ ಶಾಲೆಯ ಮೈದಾನವನ್ನು ಬಾಡಿಗೆಗೆ ಪಡೆಯುವುದಾದರೆ ಅದನ್ನೂ, ಕರಾರಿನಲ್ಲಿ ಬರೆಯಲಿ. ಆಮಂತ್ರಣ ಪತ್ರದಲ್ಲಿ ಹತ್ತಿರದ ಮೆಟ್ರೋ ನಿಲ್ದಾಣವನ್ನೋ ಬಸ್ಸಿನ ಸಂಖ್ಯೆಯನ್ನೋ ಮುದ್ರಿಸಿದರೆ ಯಾರ ಪ್ರತಿಷ್ಠೆಯೂ ಕುಂದದು.

ಮಸೀದಿಗಳ ವಿಚಾರದಲ್ಲಿ ಸಮಿತಿಗಳ ಹಿರಿಯರು ಬೇಸರಿಸಬಾರದು. ಹಲವು ಮಸೀದಿಗಳ ಮುಂದೆ ಒಂದು ಕಾಲದಲ್ಲಿ ಅಂಗಳವಿತ್ತು. ಆದಾಯಕ್ಕಾಗಿ ಅಲ್ಲಿ ಸಾಲು ಮಳಿಗೆಗಳು ಬಂದವು. ಇಮಾಮರ ಸಂಬಳ, ವಿದ್ಯುತ್ ಬಿಲ್ಲು ಅದರಿಂದಲೇ ನಡೆಯುತ್ತದೆಂಬುದು ಸತ್ಯ. ಆದರೆ ಅಂಗಳವನ್ನು ಬಾಡಿಗೆಗೆ ಕೊಟ್ಟು ಜುಮಾದ ವಾಹನಗಳನ್ನು ರಸ್ತೆಗೆ ತಳ್ಳಿದರೆ ಆ ಬಾಡಿಗೆಯ ಒಂದು ಪಾಲನ್ನು ನೆರೆಹೊರೆಯವರು ತೆರುತ್ತಿದ್ದಾರೆ ಎಂದೇ ಅರ್ಥ. ನೆರೆಯ ಮಸೀದಿಗಳು ಜುಮಾದ ವೇಳೆಯನ್ನು ಅರ್ಧ ಗಂಟೆಯ ಅಂತರದಲ್ಲಿ ಇಟ್ಟುಕೊಂಡರೆ ದಟ್ಟಣೆ ಹಂಚಿಹೋಗುತ್ತದೆ. ಮೊಹಲ್ಲಾದ ಹತ್ತು ಯುವಕರು ಶುಕ್ರವಾರ ಒಂದು ಗಂಟೆ ನಿಂತರೆ ಗೇಟುಗಳ ಮುಂದೆ ವಾಹನ ನಿಲ್ಲುವುದಿಲ್ಲ. ಇನ್ನು ಅರ್ಧ ಕಿಲೋಮೀಟರ್ ದೂರದ ಮನೆಯವರು ವಾಹನ ತರುವುದೇಕೆ? ಬನೂ ಸಲಿಮಾ ಗೋತ್ರದವರು ಮಸೀದಿಯ ಹತ್ತಿರಕ್ಕೆ ಮನೆ ಬದಲಿಸಬಯಸಿದಾಗ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ, ಇದ್ದಲ್ಲೇ ಇರಿ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಅವರನ್ನು ತಡೆದರು. ಜುಮಾಕ್ಕೆ ವಾಹನವೇರದೆ ನಡೆದು ಬರುವವನ ಪ್ರತಿಫಲದ ಹದೀಸ್ ಎಲ್ಲ ಖತೀಬರಿಗೂ ಕಂಠಪಾಠ.

ಕೊನೆಯದಾಗಿ, ಆಡಳಿತದ ಮುಂದೆ ಏನನ್ನು ಕೇಳಬೇಕು? ಬೆಂಗಳೂರಿಗೆ ನೀತಿಯ ಕೊರತೆಯಿಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯವು ರೂಪಿಸಿದ ಪಾರ್ಕಿಂಗ್ ನೀತಿ 2.0ಕ್ಕೆ ರಾಜ್ಯ ಸರಕಾರ 2021ರಲ್ಲಿ ಒಪ್ಪಿಗೆ ನೀಡಿತು. ಪ್ರದೇಶವಾರು ಪಾರ್ಕಿಂಗ್ ಯೋಜನೆ, ರಸ್ತೆಬದಿಗೆ ಶುಲ್ಕ, ಮನೆಯ ಮುಂದೆ ರಸ್ತೆಯಲ್ಲಿ ನಿಲ್ಲಿಸುವವರಿಗೆ ವಾರ್ಷಿಕ ಪರವಾನಗಿ, ಎಲ್ಲವೂ ಅದರಲ್ಲಿವೆ. ಪರವಾನಗಿಗೆ ಸೂಚಿಸಿದ ಶುಲ್ಕ ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಅಂದರೆ ದೊಡ್ಡ ಕಾರಿಗೂ ದಿನಕ್ಕೆ ಹದಿನಾಲ್ಕು ರೂಪಾಯಿ. ಒಪ್ಪಿಗೆಯಾಗಿ ವರ್ಷಗಳು ಕಳೆದರೂ ಬಹುತೇಕ ಬೀದಿಗಳು ಅದರ ಮುಖವನ್ನು ಕಾಣಲಿಲ್ಲ. 2022ರ ಆರಂಭದಲ್ಲಿ ಜನರ ದೂರುಗಳ ಬಳಿಕ ಟೋಯಿಂಗ್ ನಿಂತಾಗ ಇದ್ದ ಅಲ್ಪ ಭಯವೂ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಪಾಲಿಕೆ ಚಿಕ್ಕದಾದಷ್ಟೂ ಕೇಳುವವನ ದನಿ ಹತ್ತಿರವಾಗಬೇಕು. ನಮ್ಮ ಬೀದಿಗಳ ಪಾರ್ಕಿಂಗ್ ಯೋಜನೆಯನ್ನು ಬೇರೆಯವರು ಬರೆದು ನಮ್ಮ ಮುಂದೆ ಇಟ್ಟ ಮೇಲೆ ಪ್ರತಿಭಟಿಸುವ ಬದಲು, ಬರೆಯುವಾಗಲೇ ನಾವು ಅಲ್ಲಿರಬೇಕು.

ಈ ಸಭೆಯ ಪರವಾಗಿ ಒಂದು ಮನವಿಯ ಕರಡನ್ನು ಸಿದ್ಧಪಡಿಸಲಾಗಿದೆ. ಮಾರುಕಟ್ಟೆಯ ಬೀದಿಗಳಲ್ಲಿ ಗಂಟೆಯ ಶುಲ್ಕ ಬರಲಿ, ರಸೀದಿ ಕಡ್ಡಾಯವಾಗಲಿ, ಆ ಹಣದ ಅರ್ಧವಾದರೂ ಅದೇ ವಾರ್ಡಿನ ಫುಟ್‌ಪಾತಿಗೆ ಹೋಗಲಿ ಎಂದು ಅದರಲ್ಲಿ ಕೇಳಿದ್ದೇವೆ. ಗೆರೆ ಎಳೆಯುವ ಮುನ್ನ ತಳ್ಳುಗಾಡಿಯವರ ಜಾಗವನ್ನು ಗುರುತಿಸಬೇಕು, ಸರಕು ಇಳಿಸಲು ಬೆಳಗಿನ ಹೊತ್ತು ನಿಗದಿಯಾಗಬೇಕು. ಆಸ್ಪತ್ರೆ, ಶಾಲೆ ಮತ್ತು ಎಲ್ಲ ಧರ್ಮಗಳ ಆರಾಧನಾಲಯಗಳ ಮುಂದೆ ಒಂದೇ ನಿಯಮವಿರಬೇಕು; ಮಸೀದಿಗೆ ರಿಯಾಯಿತಿ ಬೇಡ, ಹೆಚ್ಚಿನ ಕಾಠಿಣ್ಯವೂ ಬೇಡ. ಅಂಗಡಿ ಮಾಲೀಕರು ತಮ್ಮ ವಾಹನಗಳನ್ನು ಅಂಗಡಿಯ ಮುಂದೆ ನಿಲ್ಲಿಸುವುದಿಲ್ಲವೆಂದು ಒಪ್ಪುವ ಒಂದು ಸಾಲು ಕೊನೆಯಲ್ಲಿದೆ. ಆ ಸಾಲಿಗೆ ಈಗಾಗಲೇ ಆಕ್ಷೇಪ ಬಂದಿದೆಯೆಂದು ಕೇಳಿದ್ದೇವೆ. ಕರಡಿನ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಓದಿ, ತಿದ್ದಬೇಕಾದುದನ್ನು ತಿದ್ದಿ, ಸಹಿ ಹಾಕುವವರು ಅಸರ್ ನಮಾಝ್‌ಗೆ ಮೊದಲು ಹಾಕಿಕೊಡಿ.